ತಡವಾಗಿ ತಲುಪಿದ ಬೆಳಕು: ಕಪ್ಪುಕುಳಿಯ ಹಿಂದಿನ ದಿನಗಳನ್ನು ಕುರಿತ ಪ್ರಶ್ನೆಗಳು

ನಮ್ಮ ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿಯು ಸುಮಾರು ಇನ್ನೂರು ವರ್ಷಗಳ ಹಿಂದೆ ಇಂದಿಗಿಂತ ಬಹಳ ಪ್ರಖರವಾಗಿತ್ತು ಎಂಬ ಸಂಶೋಧನೆಯ ಬಗ್ಗೆ ಹಲವು ಓದುಗರು ಬರೆದಿದ್ದಾರೆ. ಪ್ರಶ್ನೆಗಳೆಲ್ಲವೂ ಒಂದಕ್ಕೊಂದು ಹೊಂದಿಕೊಂಡಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಕಪ್ಪುಕುಳಿಯಿಂದ ಬೆಳಕು ಕೂಡ ತಪ್ಪಿಸಿಕೊಳ್ಳಲಾರದು ಎಂದು ಓದಿದ್ದೇವೆ. ಹಾಗಿದ್ದರೆ ಅದು ಪ್ರಜ್ವಲಿಸುವುದೆಂದರೇನು? ಅಲ್ಲದೆ, ಇನ್ನೂರು ವರ್ಷಗಳ ಹಿಂದೆ ಕ್ಷ-ಕಿರಣಗಳು ಇವೆ ಎಂಬುದೇ ಯಾರಿಗೂ ತಿಳಿದಿರಲಿಲ್ಲ. ಯಾರೂ ನೋಡದೆ ಹೋದ ಘಟನೆ ಇಂದು ಗೊತ್ತಾದದ್ದು ಹೇಗೆ?

ಉತ್ತರ: ಮೊದಲ ಭಾಗಕ್ಕೆ ಉತ್ತರ ಸರಳವಾಗಿದೆ. ಘಟನಾ ದಿಗಂತವನ್ನು ದಾಟಿ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಆದರೆ ಆ ಗಡಿಯನ್ನು ಮುಟ್ಟುವ ಮೊದಲು ಹೊರಗಡೆಯೇ ಸುತ್ತುತ್ತಿರುವ ಅನಿಲವು ವಿಪರೀತವಾಗಿ ಕಾದು ಕ್ಷ-ಕಿರಣಗಳನ್ನು ಸೂಸುತ್ತದೆ. ಖಗೋಳವಿಜ್ಞಾನಿಗಳು ಕಪ್ಪುಕುಳಿಯ ಚಟುವಟಿಕೆ ಎನ್ನುವಾಗ ಅವರ ಮನಸ್ಸಿನಲ್ಲಿರುವುದು ಈ ಹೊರಗಿನ ಅನಿಲವೇ.

ಎರಡನೆಯ ಭಾಗಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕಾಗುತ್ತದೆ. ನಮ್ಮ ಕ್ಷೀರಪಥದ ಕೇಂದ್ರದಲ್ಲಿ, ಧನು ರಾಶಿಯ ದಿಕ್ಕಿನಲ್ಲಿ, ನಮ್ಮಿಂದ ಸುಮಾರು 26,000ದಿಂದ 27,000 ಜ್ಯೋತಿರ್ವರ್ಷ ದೂರದಲ್ಲಿರುವ ಕಪ್ಪುಕುಳಿಯ ಹೆಸರು ಸ್ಯಾಜಿಟೇರಿಯಸ್ ಎ-ಸ್ಟಾರ್. ಅದರ ದ್ರವ್ಯರಾಶಿ ಸೂರ್ಯನ ದ್ರವ್ಯರಾಶಿಯ 40 ಲಕ್ಷ ಪಟ್ಟಿಗಿಂತ ತುಸು ಹೆಚ್ಚು. ಇಷ್ಟು ದೊಡ್ಡದಾಗಿದ್ದರೂ ಅದು ಸದ್ಯಕ್ಕೆ ಅತ್ಯಂತ ಮಂದವಾಗಿದೆ. 1999ರಲ್ಲಿ ಕಕ್ಷೆ ಸೇರಿದ ಚಂದ್ರ ಕ್ಷ-ಕಿರಣ ದೂರದರ್ಶಕವು ಅದನ್ನು ಸುತ್ತಲಿನ ಗದ್ದಲದಿಂದ ಬೇರ್ಪಡಿಸಿ ನೋಡಿದಾಗ, ಶಾಂತವಾಗಿರುವ ಹೊತ್ತಿನಲ್ಲಿ ಅದು ಹೊರಸೂಸುವ ಕ್ಷ-ಕಿರಣಗಳ ಶಕ್ತಿ ನಮ್ಮ ಸೂರ್ಯನೊಬ್ಬನೇ ಎಲ್ಲ ಬಗೆಯ ಬೆಳಕಿನಲ್ಲೂ ಸೂಸುವ ಒಟ್ಟು ಶಕ್ತಿಯ ಆಸುಪಾಸಿನಲ್ಲಿದೆ ಎಂದು ತಿಳಿಯಿತು. 40 ಲಕ್ಷ ಸೂರ್ಯರ ತೂಕದ ವಸ್ತುವಿಗೆ ಇದು ತೀರಾ ಕಡಿಮೆ. ದಿನಕ್ಕೊಮ್ಮೆಯಷ್ಟು ಅದು ಒಂದೆರಡು ಗಂಟೆ ಮಿನುಗುವುದುಂಟು, ಆದರೆ ಆ ಮಿನುಗುಗಳು ಈ ಚಿತ್ರವನ್ನು ಹೆಚ್ಚೇನೂ ಬದಲಿಸುವುದಿಲ್ಲ.

ಕಪ್ಪುಕುಳಿ ಹೀಗೆ ಮಂಕಾಗಿದ್ದರೂ ಅದರ ಸುತ್ತ ನೂರಾರು ಜ್ಯೋತಿರ್ವರ್ಷಗಳ ಹರವಿನಲ್ಲಿ ದಟ್ಟವಾದ, ತಣ್ಣನೆಯ ಅಣುಮೋಡಗಳು, ಅಂದರೆ ಅನಿಲದ ಮೋಡಗಳು, ಇವೆ. ಅವುಗಳಲ್ಲಿ ದೊಡ್ಡದು ಸ್ಯಾಜಿಟೇರಿಯಸ್ ಬಿ2. ಅದರ ರಾಶಿಯೇ ಸುಮಾರು 30 ಲಕ್ಷ ಸೂರ್ಯರಷ್ಟು, ಅಡ್ಡಗಲ ಸುಮಾರು 150 ಜ್ಯೋತಿರ್ವರ್ಷ. ಆಕಾಶದಲ್ಲಿ ನಮಗೆ ಕಾಣುವಂತೆ ಅದು ಕಪ್ಪುಕುಳಿಯಿಂದ 300 ಜ್ಯೋತಿರ್ವರ್ಷಕ್ಕಿಂತ ಹೆಚ್ಚು ದೂರದಲ್ಲಿದೆ. ಇಂಥ ಮೋಡಗಳು ತಾವಾಗಿ ಗಡಸು, ಅಂದರೆ ಹೆಚ್ಚು ಶಕ್ತಿಯ, ಕ್ಷ-ಕಿರಣಗಳನ್ನು ಸೂಸಲಾರವು; ಅದಕ್ಕೆ ಬೇಕಾದ ಕಾವು ಅವುಗಳಲ್ಲಿಲ್ಲ. ಆದರೂ ರಷ್ಯದ ಗ್ರಾನಾಟ್ ಉಪಗ್ರಹದ ಅವಲೋಕನಗಳಲ್ಲಿ ಮೋಡಗಳಿರುವ ಜಾಗದಿಂದಲೇ ಗಡಸು ಕ್ಷ-ಕಿರಣಗಳು ಬರುತ್ತಿರುವಂತೆ ಕಂಡಿತು. 1993ರಲ್ಲಿ ಖಗೋಳವಿಜ್ಞಾನಿ ರಶೀದ್ ಸುನ್ಯಾಯೆವ್ ಮತ್ತು ಅವರ ಸಹೋದ್ಯೋಗಿಗಳು ಇದು ಮೋಡಗಳ ಸ್ವಂತ ಬೆಳಕಾಗಿರದೆ, ಕಪ್ಪುಕುಳಿಯು ಹಿಂದೊಮ್ಮೆ ಪ್ರಖರವಾಗಿದ್ದಾಗ ಹೊರಟ ಕಿರಣಗಳು ಮೋಡಕ್ಕೆ ತಾಗಿ ಚದುರಿ ಈಗ ನಮ್ಮತ್ತ ಬರುತ್ತಿರಬಹುದು ಎಂದು ಸೂಚಿಸಿದರು. ಅಷ್ಟೇ ಅಲ್ಲ, ಅದು ನಿಜವಾಗಿದ್ದರೆ ಮೋಡದಲ್ಲಿರುವ ತಣ್ಣನೆಯ ಕಬ್ಬಿಣವು 6.4 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಕಿರಣದ ಶಕ್ತಿಯನ್ನು ಅಳೆಯುವ ಮಾನ) ಶಕ್ತಿಯ ಕ್ಷ-ಕಿರಣದಲ್ಲಿ ಹೊಳೆಯಬೇಕು ಎಂದೂ ಹೇಳಿದರು. 1996ರಲ್ಲಿ ಕತ್ಸುಜಿ ಕೊಯಾಮಾ ಅವರ ತಂಡವು ಜಪಾನಿನ ಆಸ್ಕಾ ಉಪಗ್ರಹದ ನೆರವಿನಿಂದ ಸ್ಯಾಜಿಟೇರಿಯಸ್ ಬಿ2ರಲ್ಲಿ ಆ ಹೊಳಪನ್ನು ತೋರಿಸಿಕೊಟ್ಟಿತು.

ಬೆಟ್ಟದೆದುರು ಕೂಗಿದವನು ಸುಮ್ಮನಾದ ಮೇಲೂ ಮಾರ್ದನಿ ಕೇಳಿಸುವ ಹಾಗೆ, ಮೂಲ ಆರಿದ ಮೇಲೂ ಅದರ ಬೆಳಕು ಬಳಸುದಾರಿ ಹಿಡಿದು ತಡವಾಗಿ ನಮ್ಮನ್ನು ಮುಟ್ಟುತ್ತದೆ. ಖಗೋಳವಿಜ್ಞಾನದಲ್ಲಿ ಇದಕ್ಕೆ ಬೆಳಕಿನ ಪ್ರತಿಧ್ವನಿ ಎಂದೇ ಹೆಸರು. ನೇರವಾಗಿ ಬಂದ ಬೆಳಕು ಸುಮಾರು ಇನ್ನೂರು ವರ್ಷಗಳ ಹಿಂದೆಯೇ ಭೂಮಿಯನ್ನು ದಾಟಿ ಹೋಗಿದೆ. ಮೋಡದ ಕಡೆಗೆ ಹೋಗಿ ತಿರುಗಿ ಬಂದದ್ದು ಮಾತ್ರ ನಮ್ಮ ಪಾಲಿಗೆ ಉಳಿದಿದೆ.

ಪ್ರಶ್ನೆ: ಕಪ್ಪುಕುಳಿ 26,000 ಜ್ಯೋತಿರ್ವರ್ಷ ದೂರದಲ್ಲಿದೆ ಎಂದ ಮೇಲೆ ಘಟನೆ ನಡೆದದ್ದು 26,000 ವರ್ಷಗಳ ಹಿಂದೆ ಆಗಬೇಕಲ್ಲವೇ? ಇನ್ನೂರು ವರ್ಷ ಎಂಬುದು ಎಲ್ಲಿಂದ ಬಂತು?

ಉತ್ತರ: ನೀವು ಹೇಳುವುದು ಸರಿ. ಇನ್ನೂರು ವರ್ಷ ಎನ್ನುವುದು ನೇರ ಬೆಳಕಿಗೂ ಬಳಸಿ ಬಂದ ಬೆಳಕಿಗೂ ನಡುವಿನ ಅಂತರ ಮಾತ್ರ. ಎರಡಕ್ಕೂ 26,000 ವರ್ಷಗಳ ಪಯಣ ಸಮಾನವಾಗಿರುವುದರಿಂದ ಅದನ್ನು ಲೆಕ್ಕದಿಂದ ಬಿಡುವುದು ರೂಢಿಯಾಗಿದೆ. ಅಂದು ಭೂಮಿಯಲ್ಲಿ ತಕ್ಕ ಉಪಕರಣವಿದ್ದಿದ್ದರೆ ಇನ್ನೂರು ವರ್ಷಗಳ ಹಿಂದೆ ಆ ಹೊಳಪು ಕಾಣಿಸುತ್ತಿತ್ತು ಎಂದು ಅರ್ಥ ಮಾಡಿಕೊಳ್ಳಬೇಕು.

ಪ್ರಶ್ನೆ: ಮೋಡ 300 ಜ್ಯೋತಿರ್ವರ್ಷ ದೂರದಲ್ಲಿದ್ದರೆ ತಡವೂ 300 ವರ್ಷ ಎಂದು ನೇರವಾಗಿ ಹೇಳಿಬಿಡಬಹುದೇ?

ಉತ್ತರ: ಹಾಗೆ ಹೇಳಲು ಆಗುವುದಿಲ್ಲ, ಮತ್ತು ಈ ಇಡೀ ವಿಷಯದಲ್ಲಿ ವಿಜ್ಞಾನಿಗಳಿಗೆ ಅತಿ ಹೆಚ್ಚು ತಲೆನೋವು ತಂದಿರುವುದೂ ಇದೇ. ನಮಗೆ ಕಾಣುವುದು ಆಕಾಶದ ಮೇಲಿನ ಅಂತರ ಮಾತ್ರ. ಮೋಡವು ಕಪ್ಪುಕುಳಿಗಿಂತ ನಮಗೆ ಹತ್ತಿರದಲ್ಲಿದೆಯೋ ಅಥವಾ ಅದರ ಹಿಂದೆ ಇದೆಯೋ ಎಂಬುದು ಚಿತ್ರದಿಂದ ತಿಳಿಯುವುದಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಆಕಾಶದಲ್ಲಿ ಕಪ್ಪುಕುಳಿಯಿಂದ 300 ಜ್ಯೋತಿರ್ವರ್ಷ ಪಕ್ಕಕ್ಕೆ ಕಾಣುವ ಒಂದು ಮೋಡವಿದೆ ಎಂದಿಟ್ಟುಕೊಳ್ಳಿ. ಅದು ಕಪ್ಪುಕುಳಿಯಷ್ಟೇ ದೂರದಲ್ಲಿದ್ದರೆ ತಡ ಸರಿಯಾಗಿ 300 ವರ್ಷ. ಅದೇ ಮೋಡ 100 ಜ್ಯೋತಿರ್ವರ್ಷ ನಮ್ಮ ಕಡೆಗೆ ಸರಿದಿದ್ದರೆ, ಪೈಥಾಗೊರಸನ ಪ್ರಮೇಯದ ಪ್ರಕಾರ ಕಪ್ಪುಕುಳಿಯಿಂದ ಮೋಡಕ್ಕೆ 316 ಜ್ಯೋತಿರ್ವರ್ಷ ಆಗುತ್ತದೆ. ಅಲ್ಲಿಂದ ನಮ್ಮವರೆಗಿನ ದಾರಿಯಲ್ಲಿ 100 ಉಳಿತಾಯವಾಗುವುದರಿಂದ ತಡ 216 ವರ್ಷಕ್ಕೆ ಇಳಿಯುತ್ತದೆ. 100 ಜ್ಯೋತಿರ್ವರ್ಷ ಹಿಂದಕ್ಕೆ ಸರಿದಿದ್ದರೆ 316ಕ್ಕೆ 100 ಕೂಡಿ ತಡ 416 ವರ್ಷವಾಗುತ್ತದೆ. ಚಿತ್ರದಲ್ಲಿ ಮೂರೂ ಒಂದೇ ಜಾಗದಲ್ಲಿ ಕಾಣುತ್ತವೆ, ಆದರೆ ಹೇಳುವ ಕಾಲ ಬೇರೆ ಬೇರೆ. ಆದ್ದರಿಂದ ಮೋಡದ ಆಳವನ್ನು ಅಳೆಯದೆ ಇಸವಿಯನ್ನು ಖಚಿತವಾಗಿ ಹೇಳುವ ಯಾವ ಬರಹವನ್ನೂ ಸ್ವಲ್ಪ ಅನುಮಾನದಿಂದಲೇ ಓದುವುದು ಒಳ್ಳೆಯದು.

ಒಂದೇ ತಡವನ್ನು ಕೊಡುವ ಬಿಂದುಗಳನ್ನೆಲ್ಲ ಸೇರಿಸಿದರೆ ಕಪ್ಪುಕುಳಿಯನ್ನು ನಾಭಿಯಾಗಿ ಉಳ್ಳ, ನಮ್ಮ ಕಡೆಗೆ ಬಾಯಿ ತೆರೆದ ಒಂದು ಪರವಲಯದ ಬಟ್ಟಲು ಸಿಗುತ್ತದೆ. ಹೊಳಪು ಒಂದೆರಡು ವರ್ಷ ಮಾತ್ರ ಇದ್ದಿದ್ದರೆ ಆ ಬಟ್ಟಲಿನ ಗೋಡೆಯೂ ಅಷ್ಟೇ ತೆಳುವಾಗಿರುತ್ತದೆ. ಅದು ವರ್ಷದಿಂದ ವರ್ಷಕ್ಕೆ ಹಿಗ್ಗುತ್ತಾ ಮೋಡದೊಳಗೆ ಹಾದುಹೋಗುವಾಗ ಒಮ್ಮೆಗೆ ಮೋಡದ ಒಂದು ತೆಳು ಪದರ ಮಾತ್ರ ಬೆಳಗುತ್ತದೆ. ಹೀಗಾಗಿ ಕಪ್ಪುಕುಳಿಯ ಚರಿತ್ರೆಯನ್ನು ಹುಡುಕಲು ಹೊರಟವರಿಗೆ ಮೋಡದ ಒಳರಚನೆಯ ನಕ್ಷೆಯೂ ಸಿಕ್ಕಿದೆ. ನನ್ನ ಮಟ್ಟಿಗೆ ಈ ಎರಡನೆಯ ಫಲವೂ ಮೊದಲನೆಯದರಷ್ಟೇ ಬೆಲೆಬಾಳುವಂಥದ್ದು, ಆದರೆ ಸುದ್ದಿಗಳಲ್ಲಿ ಅದರ ಪ್ರಸ್ತಾಪ ಬರುವುದು ಅಪರೂಪ.

ಪ್ರಶ್ನೆ: ಮೋಡದಿಂದ ಬರುವ ಕ್ಷ-ಕಿರಣ ಕಪ್ಪುಕುಳಿಯದೇ ಎಂದು ಹೇಳಲು ಪುರಾವೆ ಏನು? ಅಲ್ಲೇ ಇರುವ ಬೇರೆ ನಕ್ಷತ್ರವೋ, ಬಿಸಿ ಅನಿಲವೋ ಕಾರಣವಾಗಿರಬಾರದೇಕೆ?

ಉತ್ತರ: ಈ ಅನುಮಾನ ವಿಜ್ಞಾನಿಗಳಲ್ಲೂ ಬಹಳ ಕಾಲ ಇತ್ತು. ಅದು ಒಂದೇ ಏಟಿಗೆ ಪರಿಹಾರವಾಗಲಿಲ್ಲ.

ಮೊದಲಿಗೆ ಬಿಸಿ ಅನಿಲದ ಮಾತು. ಕಬ್ಬಿಣದ ಪರಮಾಣುವಿನ ಅತ್ಯಂತ ಒಳಗಿನ ಕವಚದಲ್ಲಿ ಎರಡು ಎಲೆಕ್ಟ್ರಾನ್‌ಗಳಿವೆ. ಸುಮಾರು 7.1 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗಿಂತ ಹೆಚ್ಚು ಶಕ್ತಿಯುಳ್ಳ ಕ್ಷ-ಕಿರಣ ಬಂದು ಬಡಿದರೆ ಅವುಗಳಲ್ಲೊಂದು ಹೊರಗೆ ಹಾರಿಹೋಗುತ್ತದೆ. ತೆರವಾದ ಜಾಗಕ್ಕೆ ಮೇಲಿನ ಕವಚದಿಂದ ಇನ್ನೊಂದು ಎಲೆಕ್ಟ್ರಾನ್ ಇಳಿಯುವಾಗ 6.4 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಕಿರಣವನ್ನು ಬಿಡಬಹುದು. ಇದು ಪ್ರತಿದೀಪ್ತಿ. ಅನಿಲ ಕೋಟಿಗಟ್ಟಲೆ ಡಿಗ್ರಿಗಳಿಗೆ ಕಾದಿದ್ದರೆ ಕಬ್ಬಿಣವು ತನ್ನ ಬಹುಪಾಲು ಎಲೆಕ್ಟ್ರಾನ್‌ಗಳನ್ನು ಮೊದಲೇ ಕಳೆದುಕೊಂಡಿರುತ್ತದೆ, ಆಗ ರೋಹಿತದ ರೇಖೆ, ಅಂದರೆ ಒಂದು ನಿರ್ದಿಷ್ಟ ಶಕ್ತಿಯಲ್ಲಿ ಕಾಣುವ ಹೊಳಪು, 6.7 ಅಥವಾ ಸುಮಾರು 7ರ ಬಳಿ ಬೀಳುತ್ತದೆ. ಗ್ಯಾಲಕ್ಸಿಯ ಕೇಂದ್ರದಲ್ಲಿ ಈ ಎರಡೂ ಬಗೆಯ ರೇಖೆಗಳು ಕಾಣುತ್ತವೆ. ಆದರೆ 6.4ರ ಹೊಳಪು ಅಣುಮೋಡಗಳ ಮೇಲೆಯೇ ಕೂತಿದೆ. ಆದ್ದರಿಂದ ಹೊಳೆಯುತ್ತಿರುವುದು ತಣ್ಣನೆಯ ಕಬ್ಬಿಣ, ಹೊರಗಿನಿಂದ ಏನೋ ಅದನ್ನು ಬಡಿದಿದೆ ಎಂಬುದು ಸ್ಪಷ್ಟವಾಯಿತು.

ಬಡಿದದ್ದು ಕ್ಷ-ಕಿರಣವೇ ಆಗಬೇಕೆಂದಿಲ್ಲ. ವಿಶ್ವಕಿರಣಗಳೆನಿಸುವ ವೇಗದ ಪ್ರೋಟಾನ್ ಅಥವಾ ಎಲೆಕ್ಟ್ರಾನ್‌ಗಳೂ ಅದೇ ಕೆಲಸ ಮಾಡಬಲ್ಲವು. ಇಲ್ಲಿ ನೆರವಿಗೆ ಬಂದದ್ದು ಕಾಲ. ಇಂಟೆಗ್ರಲ್ ಉಪಗ್ರಹದ ಅವಲೋಕನಗಳ ಪ್ರಕಾರ 2003ರಿಂದ 2009ರ ನಡುವೆ ಸ್ಯಾಜಿಟೇರಿಯಸ್ ಬಿ2ರ ಗಡಸು ಕ್ಷ-ಕಿರಣ ಹೊಳಪು ಸುಮಾರು ಶೇಕಡ 40ರಷ್ಟು ಕುಸಿಯಿತು. ಹತ್ತಾರು ಜ್ಯೋತಿರ್ವರ್ಷ ಅಗಲದ ಮೋಡವೊಂದು ಕೆಲವೇ ವರ್ಷಗಳಲ್ಲಿ ಇಷ್ಟು ಮಂಕಾಗಬೇಕಾದರೆ ಅದರ ಮೂಲಕ ಬೆಳಕಿನ ವೇಗದಲ್ಲಿ ಏನೋ ಹಾದುಹೋಗುತ್ತಿರಬೇಕು. ಪ್ರೋಟಾನ್‌ಗಳ ಹೊಡೆತದಿಂದ ಇಷ್ಟು ಬೇಗನೆ ಏರಿಳಿತ ಬರುವುದಿಲ್ಲ. ಕಪ್ಪುಕುಳಿಗೆ ಇನ್ನೂ ಹತ್ತಿರವಿರುವ ಮೋಡಗಳಲ್ಲಿ ಚಂದ್ರ ಮತ್ತು ಎಕ್ಸ್‌ಎಂಎಂ-ನ್ಯೂಟನ್ ದೂರದರ್ಶಕಗಳು ವರ್ಷ ವರ್ಷವೂ ಹೊಳಪಿನ ಜಾಗ ಬದಲಾಗುತ್ತಿರುವುದನ್ನು ದಾಖಲಿಸಿವೆ. 2013ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ ಕೆಲವು ಮೋಡಗಳು ಸುಮಾರು ಎರಡು ವರ್ಷಗಳಲ್ಲಿ ಹೊಳೆದು ಆರಿದ್ದರೆ, ಇನ್ನು ಕೆಲವು ಹತ್ತು ವರ್ಷಗಳ ನಿಧಾನಗತಿಯಲ್ಲಿ ಬದಲಾದದ್ದು ಕಂಡುಬಂತು. ಎಂದರೆ ಹಿಂದೆ ನಡೆದದ್ದು ಒಂದು ಪ್ರಕರಣವಲ್ಲ, ಕನಿಷ್ಠ ಎರಡು.

ಇಷ್ಟಾದರೂ ಬೆಳಕು ಬಂದ ದಿಕ್ಕು ಯಾವುದೆಂದು ನೇರವಾಗಿ ಯಾರೂ ಅಳೆದಿರಲಿಲ್ಲ. ಆ ಕೆಲಸವನ್ನು ಮಾಡಿದ್ದು 2021ರ ಡಿಸೆಂಬರ್‌ನಲ್ಲಿ ಉಡಾವಣೆಯಾದ ಐಎಕ್ಸ್‌ಪಿಇ ಎಂಬ ಧ್ರುವೀಕರಣಮಾಪಕ ಉಪಗ್ರಹ. ಕ್ಷ-ಕಿರಣವು ಎಲೆಕ್ಟ್ರಾನ್‌ಗೆ ತಾಗಿ ಚದುರಿದಾಗ ಅದರ ವಿದ್ಯುತ್ ಕ್ಷೇತ್ರದ ಕಂಪನ ಒಂದು ನಿರ್ದಿಷ್ಟ ದಿಕ್ಕಿಗೆ ವಾಲುತ್ತದೆ (ಇದೇ ಧ್ರುವೀಕರಣ), ಮತ್ತು ಆ ದಿಕ್ಕು ಮೂಲವನ್ನೂ ಮೋಡವನ್ನೂ ಜೋಡಿಸುವ ಗೆರೆಗೆ ಲಂಬವಾಗಿರುತ್ತದೆ. ಧ್ರುವೀಕರಣದ ದಿಕ್ಕನ್ನು ಅಳೆದು ಅದಕ್ಕೊಂದು ಲಂಬ ಎಳೆದರೆ ಅದು ಹೋಗಿ ಮುಟ್ಟುವುದು ಮೂಲವನ್ನು. ಉಪಕರಣದ ಒಳಗೆ ನಡೆಯುವುದು ಇಷ್ಟು: ಪ್ರತಿಯೊಂದು ಕ್ಷ-ಕಿರಣ ಕಣವೂ ಒಂದು ಅನಿಲದ ಕೋಶದಲ್ಲಿ ಎಲೆಕ್ಟ್ರಾನೊಂದನ್ನು ಎಬ್ಬಿಸುತ್ತದೆ, ಆ ಎಲೆಕ್ಟ್ರಾನ್ ಬಿಟ್ಟುಹೋಗುವ ಪುಟ್ಟ, ಡೊಂಕು ಜಾಡಿನ ಚಿತ್ರ ತೆಗೆಯಲಾಗುತ್ತದೆ, ಜಾಡು ಶುರುವಾದ ದಿಕ್ಕನ್ನು ಗುರುತಿಸಲಾಗುತ್ತದೆ. ಎಲೆಕ್ಟ್ರಾನ್‌ಗಳು ಕಿರಣದ ವಿದ್ಯುತ್ ಕ್ಷೇತ್ರದ ಗುಂಟ ಹಾರಲು ಹೆಚ್ಚು ಒಲವು ತೋರುವುದರಿಂದ, ಸಾಕಷ್ಟು ಜಾಡುಗಳನ್ನು ಕೂಡಿಹಾಕಿದಾಗ ಯಾವ ದಿಕ್ಕು ಮೇಲುಗೈ ಪಡೆದಿದೆ ಎಂದು ತಿಳಿಯುತ್ತದೆ.

ಮೋಡಗಳು ಮಂಕಾಗಿದ್ದವಾದ್ದರಿಂದ 2022ರ ಫೆಬ್ರುವರಿ ಕೊನೆಯಿಂದ ಮಾರ್ಚ್‌ವರೆಗೆ ಸುಮಾರು 10 ಲಕ್ಷ ಸೆಕೆಂಡುಗಳಷ್ಟು ಹೊತ್ತು ನೋಡಬೇಕಾಯಿತು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಧ್ರುವೀಕರಣದ ಪ್ರಮಾಣ ಶೇಕಡ 31, ಅದರ ಆಚೀಚೆ 11ರ ಅನಿಶ್ಚಿತತೆ. ಲಂಬರೇಖೆ ಹೋಗಿ ನಿಂತದ್ದು ಸ್ಯಾಜಿಟೇರಿಯಸ್ ಎ-ಸ್ಟಾರ್ ಇರುವ ಕಡೆಗೇ. ಪ್ರಮಾಣದಿಂದ ಕಿರಣ ಎಷ್ಟು ಕೋನದಲ್ಲಿ ತಿರುಗಿದೆ ಎಂಬುದನ್ನೂ, ಅದರಿಂದ ಮೋಡದ ಆಳವನ್ನೂ ಅಂದಾಜು ಮಾಡಬಹುದು. ಕಿರಣ ಸರಿಯಾಗಿ ಲಂಬಕೋನದಲ್ಲಿ ತಿರುಗಿದ್ದರೆ ಧ್ರುವೀಕರಣ ಪೂರ್ಣವಾಗಿರುತ್ತದೆ. ನೇರಕ್ಕೆ ಹತ್ತಿರವಾದಷ್ಟೂ, ಅಥವಾ ಬಂದ ದಾರಿಗೇ ಮರಳಿದಷ್ಟೂ, ಕುಗ್ಗುತ್ತದೆ. ಸುಮಾರು 200 ವರ್ಷ ಎಂಬ ಅಂಕಿ ಬಂದದ್ದು ಈ ಲೆಕ್ಕದಿಂದ. ಪ್ರಮಾಣದ ಅನಿಶ್ಚಿತತೆ ಸಣ್ಣದೇನಲ್ಲವಾದ್ದರಿಂದ ಆ ಅಂಕಿಯನ್ನು ಸ್ವಲ್ಪ ಸಡಿಲವಾಗಿಯೇ ಹಿಡಿಯಬೇಕು. ಬೇರೆ ವಿಧಾನದಿಂದ, ಹೊಳಪು ಮೋಡದೊಳಗೆ ಚಲಿಸುವ ರೀತಿಯನ್ನು ನೋಡಿ ಲೆಕ್ಕಹಾಕಿದ ಇನ್ನೊಂದು ತಂಡ ಸುಮಾರು 110 ವರ್ಷ ಎಂದಿದೆ. ಆದರೆ ದಿಕ್ಕಿನ ಸಾಕ್ಷ್ಯ ಮಾತ್ರ ಗಟ್ಟಿಯಾದದ್ದು, ನನ್ನ ಅಭಿಪ್ರಾಯದಲ್ಲಿ ಈ ಪ್ರಯೋಗದ ನಿಜವಾದ ಸಾಧನೆ ಅದೇ.

ಪ್ರಶ್ನೆ: ಮೋಡದ ಮೇಲಿನ ಹೊಳಪು ಬೆಳಕಿಗಿಂತ ವೇಗವಾಗಿ ಚಲಿಸಿತು ಎಂದು ಒಂದು ಕಡೆ ಓದಿದೆ. ಅದು ಸಾಧ್ಯವೇ?

ಉತ್ತರ: ವಸ್ತು ಯಾವುದೂ ಚಲಿಸಿಲ್ಲ. ಒಂದೇ ಬೆಳಕಿನ ಅಲೆ ಮೋಡದ ಬೇರೆ ಬೇರೆ ಭಾಗಗಳನ್ನು ಒಂದಾದ ಮೇಲೊಂದರಂತೆ ತಾಗುತ್ತದೆ, ಮತ್ತು ಆ ಭಾಗಗಳಿಂದ ನಮ್ಮವರೆಗಿನ ದಾರಿಯ ಉದ್ದವೂ ಬೇರೆ ಬೇರೆ. ಈ ಎರಡೂ ಸೇರಿ ಹೊಳಪಿನ ಕಲೆ ಬೆಳಕನ್ನೂ ಮೀರಿಸಿ ಓಡಿದಂತೆ ತೋರುತ್ತದೆ. 2010ರಲ್ಲಿ ಎಕ್ಸ್‌ಎಂಎಂ-ನ್ಯೂಟನ್ ದತ್ತಾಂಶದಲ್ಲಿ ಇಂಥ ತೋರಿಕೆಯ ಓಟ ವರದಿಯಾದಾಗ, ಹೊಳಪು ಮೋಡದ್ದಲ್ಲ, ಹೊರಗಿನಿಂದ ಬಂದದ್ದು ಎಂಬ ವಾದಕ್ಕೆ ಅದು ಬಲ ತಂದಿತು.

ಪ್ರಶ್ನೆ: ಅಂದು ಅದು ಎಷ್ಟು ಪ್ರಖರವಾಗಿತ್ತು? ಏನನ್ನು ನುಂಗಿದ್ದರಿಂದ ಹಾಗಾಯಿತು?

ಉತ್ತರ: ಮೋಡಗಳ ಹೊಳಪಿನಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಅಂದಿನ ಕ್ಷ-ಕಿರಣ ಶಕ್ತಿ ಇಂದಿನ ಶಾಂತ ಸ್ಥಿತಿಗಿಂತ ಲಕ್ಷಗಟ್ಟಲೆ ಪಟ್ಟು, ಕೆಲವು ಅಂದಾಜಿನಂತೆ ಹತ್ತು ಲಕ್ಷ ಪಟ್ಟಿನವರೆಗೆ, ಹೆಚ್ಚಾಗಿತ್ತು. ದೈತ್ಯ ಎಚ್ಚೆತ್ತಿತು ಎಂಬಂಥ ತಲೆಬರಹಗಳಿಗೆ ಇದು ಸಾಕು. ಆದರೆ ಆ ತಲೆಬರಹಗಳು ಅತಿಯಾದವು ಎಂದೇ ಹೇಳಬೇಕು. 40 ಲಕ್ಷ ಸೂರ್ಯರಷ್ಟು ರಾಶಿಯ ಕಪ್ಪುಕುಳಿ ಪೂರ್ಣವಾಗಿ ಉರಿದರೆ ಮುಟ್ಟಬಹುದಾದ ಮಿತಿಯ ಲಕ್ಷದಲ್ಲೊಂದು ಪಾಲಿಗೂ ಅದು ಬಂದಿರಲಿಲ್ಲ. ದೂರದ ಗ್ಯಾಲಕ್ಸಿಗಳ ನಡುವೆ ಅತಿ ಪ್ರಖರವಾಗಿ ಉರಿಯುವ ಕಪ್ಪುಕುಳಿಗಳಾದ ಕ್ವೇಸಾರ್‌ಗಳ ಎದುರು ಇದು ಲೆಕ್ಕಕ್ಕೇ ಇಲ್ಲ.

ನುಂಗಿದ್ದೇನು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಬೀಳುವ ದ್ರವ್ಯದ ಶೇಕಡ 10ರಷ್ಟು ಕ್ಷ-ಕಿರಣವಾಗಿ ಮಾರ್ಪಡುತ್ತದೆ ಎಂದು ಇಟ್ಟುಕೊಂಡರೆ, ಆ ಹೊಳಪನ್ನು ಒಂದು ವರ್ಷ ಕಾಪಾಡಲು ನಮ್ಮ ಚಂದ್ರನಂಥ ಸುಮಾರು ಐದು ಕಾಯಗಳಷ್ಟು ದ್ರವ್ಯ ಸಾಕು. ದಕ್ಷತೆ ಕಡಿಮೆಯಿದ್ದರೆ ಅದಕ್ಕೆ ತಕ್ಕಂತೆ ಹೆಚ್ಚು ಬೇಕು. ಹತ್ತಿರದ ಭಾರೀ ನಕ್ಷತ್ರಗಳು ಬೀಸುವ ಗಾಳಿಯಿಂದ ಕೂಡಿಕೊಂಡ ಅನಿಲದ ಗಡ್ಡೆಯೊಂದು ಬಿದ್ದಿರಬಹುದು, ಅಥವಾ ಸಣ್ಣ ಕಾಯವೊಂದು ಹರಿದುಹೋಗಿರಬಹುದು. ಆದರೆ ಹತ್ತಿರ ಸುಳಿದದ್ದೆಲ್ಲ ಒಳಗೆ ಬೀಳುವುದಿಲ್ಲ. 2014ರಲ್ಲಿ ಜಿ2 ಎಂಬ ಕಾಯವು ಕಪ್ಪುಕುಳಿಯ ಸಮೀಪ ಹಾದುಹೋದಾಗ ಜಗತ್ತಿನ ಅನೇಕ ದೂರದರ್ಶಕಗಳು ಕಾದು ಕುಳಿತಿದ್ದರೂ ನಿರೀಕ್ಷಿಸಿದ ಜ್ವಾಲೆ ಕಾಣಲಿಲ್ಲ.

ಪ್ರಶ್ನೆ: ಈ ವಿಧಾನದಿಂದ ಲಕ್ಷಾಂತರ ವರ್ಷಗಳಷ್ಟು ಹಿಂದಕ್ಕೂ ಹೋಗಬಹುದೇ? ಬೇರೆ ಗ್ಯಾಲಕ್ಸಿಗಳ ಕಪ್ಪುಕುಳಿಗಳ ಮಾತೇನು?

ಉತ್ತರ: ಪ್ರತಿಫಲಿತ ಬೆಳಕಿನಿಂದ ಸದ್ಯಕ್ಕೆ ಸಿಕ್ಕಿರುವುದು ಕೆಲವು ನೂರು ವರ್ಷಗಳ ಚರಿತ್ರೆ. ಅದಕ್ಕಿಂತ ಹಿಂದಕ್ಕೆ ಹೋಗಬೇಕಾದರೆ ಬೆಳಕನ್ನು ಬಿಟ್ಟು, ಕಪ್ಪುಕುಳಿಯ ರಭಸದಿಂದ ಅನಿಲದಲ್ಲಿ ಉಳಿದ ಗುರುತುಗಳನ್ನು ಹುಡುಕಬೇಕು. ಅನಿಲ ನಿಧಾನವಾಗಿ ಚಲಿಸುವುದರಿಂದ ಅದರ ನೆನಪು ದೀರ್ಘವಾದದ್ದು. 2010ರಲ್ಲಿ ಫರ್ಮಿ ಉಪಗ್ರಹದ ದತ್ತಾಂಶದಲ್ಲಿ ಕ್ಷೀರಪಥದ ತಟ್ಟೆಯ ಮೇಲೂ ಕೆಳಗೂ ತಲಾ ಸುಮಾರು 25,000 ಜ್ಯೋತಿರ್ವರ್ಷ ಚಾಚಿದ ಗಾಮಾ-ಕಿರಣದ ಗುಳ್ಳೆಗಳು ಕಂಡವು. 2020ರಲ್ಲಿ ಇರೋಸಿಟಾ ದೂರದರ್ಶಕವು ಅವುಗಳನ್ನು ಸುತ್ತುವರಿದ, ಇನ್ನೂ ದೊಡ್ಡದಾದ, ತಲಾ ಸುಮಾರು 45,000 ಜ್ಯೋತಿರ್ವರ್ಷದ ಕ್ಷ-ಕಿರಣ ಗುಳ್ಳೆಗಳನ್ನು ತೋರಿಸಿತು. ಇವು ಲಕ್ಷಾಂತರ, ಬಹುಶಃ ಕೋಟಿಯಷ್ಟು ವರ್ಷಗಳ ಹಿಂದಿನ ಸಂಗತಿ. ಕಪ್ಪುಕುಳಿಯ ಸ್ಫೋಟವೇ ಕಾರಣವೋ, ಕೇಂದ್ರದಲ್ಲಿ ಒಮ್ಮೆಲೇ ಹುಟ್ಟಿ ಸತ್ತ ಭಾರೀ ನಕ್ಷತ್ರಗಳ ಸಮೂಹವೋ ಎಂಬ ಚರ್ಚೆ ಇನ್ನೂ ನಡೆದಿದೆ.

ಗ್ಯಾಲಕ್ಸಿಗಳ ಗುಚ್ಛಗಳಲ್ಲಿ ಈ ಚರಿತ್ರೆ ಇನ್ನೂ ಚೆನ್ನಾಗಿ ಓದಲು ಸಿಗುತ್ತದೆ, ಏಕೆಂದರೆ ಗುಚ್ಛವನ್ನೆಲ್ಲ ತುಂಬಿರುವ ಬಿಸಿ ಅನಿಲ ಕ್ಷ-ಕಿರಣದಲ್ಲಿ ಹೊಳೆಯುತ್ತದೆ, ಮತ್ತು ಕಪ್ಪುಕುಳಿಯಿಂದ ಚಿಮ್ಮಿದ ಧಾರೆಗಳು ಆ ಅನಿಲವನ್ನು ತಳ್ಳಿದ ಕಡೆ ಕತ್ತಲೆಯ ಪೊಳ್ಳುಗಳು ಉಳಿಯುತ್ತವೆ. ಪರ್ಸಿಯಸ್ ಗುಚ್ಛದಲ್ಲಿ ಇಂಥ ಪೊಳ್ಳುಗಳ ಜೊತೆಗೆ ಸುಮಾರು ಒಂದು ಕೋಟಿ ವರ್ಷಕ್ಕೊಂದರಂತೆ ಹೊರಟ ಒತ್ತಡದ ಅಲೆಗಳನ್ನೂ ಚಂದ್ರ ದೂರದರ್ಶಕ ಚಿತ್ರಿಸಿದೆ. 2005ರಲ್ಲಿ ಪ್ರಕಟವಾದ ಎಂಎಸ್ 0735 ಎಂಬ ಗುಚ್ಛದ ಪೊಳ್ಳುಗಳು ತಲಾ ಆರು ಲಕ್ಷ ಜ್ಯೋತಿರ್ವರ್ಷಕ್ಕೂ ಅಗಲವಾಗಿವೆ. ಆ ಸ್ಫೋಟ ಸುಮಾರು ಹತ್ತು ಕೋಟಿ ವರ್ಷ ನಡೆದಿರಬೇಕು.

ಇದಕ್ಕೆ ತೀರ ವಿರುದ್ಧವಾದ, ಸಣ್ಣ ಅವಧಿಯ ಉದಾಹರಣೆಯೂ ಇದೆ. 2015ರ ಜೂನ್‌ನಲ್ಲಿ ವಿ404 ಸಿಗ್ನಿ ಎಂಬ, ಸೂರ್ಯನ ಸುಮಾರು ಒಂಬತ್ತು ಪಟ್ಟು ರಾಶಿಯ ಕಪ್ಪುಕುಳಿ 26 ವರ್ಷಗಳ ಮೌನದ ಬಳಿಕ ಸಿಡಿದಾಗ, ದಾರಿಯಲ್ಲಿದ್ದ ಧೂಳಿನ ಪದರಗಳಿಂದ ಚದುರಿದ ಕ್ಷ-ಕಿರಣಗಳು ಅದರ ಸುತ್ತ ಉಂಗುರಗಳಾಗಿ ಹಿಗ್ಗುತ್ತಿರುವುದನ್ನು ಸ್ವಿಫ್ಟ್ ಉಪಗ್ರಹ ಕಂಡಿತು. ಅಲ್ಲಿ ತಡ ಕೆಲವು ದಿನಗಳಷ್ಟು ಮಾತ್ರ.

ಪ್ರಶ್ನೆ: ಇನ್ನೂರು ವರ್ಷಗಳ ಹಿಂದೆ ಆಕಾಶ ನೋಡುತ್ತಿದ್ದ ಯಾರಿಗಾದರೂ ಆ ಹೊಳಪು ಬರಿಗಣ್ಣಿಗೆ ಕಂಡಿರಬಹುದೇ? ಹಳೆಯ ದಾಖಲೆಗಳಲ್ಲಿ ಹುಡುಕಿದರೆ ಸಿಗಬಹುದೇ?

ಉತ್ತರ: ಹುಡುಕಿ ಪ್ರಯೋಜನವಿಲ್ಲ. ನಮಗೂ ಗ್ಯಾಲಕ್ಸಿಯ ಕೇಂದ್ರಕ್ಕೂ ನಡುವಿನ ಧೂಳು ಕಣ್ಣಿಗೆ ಕಾಣುವ ಬೆಳಕನ್ನು ಸುಮಾರು ಒಂದು ಲಕ್ಷ ಕೋಟಿಯಲ್ಲಿ ಒಂದು ಪಾಲಿಗೆ ಇಳಿಸಿಬಿಡುತ್ತದೆ. ಗಡಸು ಕ್ಷ-ಕಿರಣಗಳು ಆ ಧೂಳನ್ನು ದಾಟಿ ಬರುತ್ತವೆ, ಆದರೆ ಭೂಮಿಯ ವಾತಾವರಣ ಅವನ್ನು ನೆಲಕ್ಕೆ ಬಿಡುವುದಿಲ್ಲ. ರಾಂಟ್‌ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದದ್ದು 1895ರಲ್ಲಿ. ಸೌರಮಂಡಲದ ಆಚೆಗಿನ ಮೊದಲ ಕ್ಷ-ಕಿರಣ ಮೂಲವನ್ನು ರಿಕಾರ್ಡೊ ಜಿಯಾಕೋನಿ ಮತ್ತು ಸಹೋದ್ಯೋಗಿಗಳು ವಾತಾವರಣದ ಮೇಲಕ್ಕೆ ರಾಕೆಟ್ ಹಾರಿಸಿ ಗುರುತಿಸಿದ್ದು 1962ರ ಜೂನ್‌ನಲ್ಲಿ. ಅದು ವೃಶ್ಚಿಕ ರಾಶಿಯ ಸ್ಕಾರ್ಪಿಯಸ್ ಎಕ್ಸ್-1. ಇಂದಿಗೂ ಸೂರ್ಯನನ್ನು ಬಿಟ್ಟರೆ ಆಕಾಶದಲ್ಲಿ ಸದಾ ಹೊಳೆಯುವ ಅತ್ಯಂತ ಪ್ರಖರ ಕ್ಷ-ಕಿರಣ ಮೂಲ ಅದೇ. ಮೋಡಗಳು ಹೇಳುವ ಹೊಳಪಿನ ಗರಿಷ್ಠ ಅಂದಾಜು ಸರಿಯಾಗಿದ್ದರೆ, ಆ ರಾಕೆಟ್ ಹಾರಿದ ದಿನವೇ ಕಪ್ಪುಕುಳಿ ಉರಿಯುತ್ತಿದ್ದ ಪಕ್ಷದಲ್ಲಿ ಅದು ಸ್ಕಾರ್ಪಿಯಸ್ ಎಕ್ಸ್-1ರ ಸಾಲಿನಲ್ಲೇ ನಿಲ್ಲುವಷ್ಟು ಪ್ರಖರವಾಗಿ ಕಾಣುತ್ತಿತ್ತು.